ದಿನ ತುಂಬದ ಕೂಸಿನ ಪಟ್ಟಿ

ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮಗನಿಗೆ ಗಂಡು ಕೂಸು ಹುಟ್ಟಿತು. ದಿನ ತುಂಬಲು ಇನ್ನೂ ಹತ್ತು ವಾರ ಉಳಿದಿತ್ತು. ತೂಕ 1,280 ಗ್ರಾಂ. ಹುಟ್ಟಿದ ಕೂಡಲೆ ಅದನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಎಲ್ಲರ ಬಾಯಲ್ಲಿರುವ ಹೆಸರಿನಲ್ಲಿ ಹೇಳುವುದಾದರೆ ಎನ್.ಐ.ಸಿ.ಯು.ವಿಗೆ, ಒಯ್ದರು. ಮೂರನೆಯ ದಿನ ನಾವು ನೋಡಲು ಹೋದಾಗ ಕೂಸಿನ ತಂದೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಅವನದು ದಿನಸಿ ಅಂಗಡಿ. ಕೈಯಲ್ಲಿ ಅಂಗಡಿಯ ಲೆಕ್ಕದ ಪುಸ್ತಕವಿತ್ತು. ಒಳಗೆ ಬಿಟ್ಟಾಗಲೆಲ್ಲ ಕೂಸಿನ ಬಳಿ ತೂಗುಹಾಕಿದ ಪಟ್ಟಿಯನ್ನು ನೋಡಿ, ಅದರಲ್ಲಿದ್ದ ಅಂಕಿಗಳನ್ನು ಆ ಪುಸ್ತಕದ ಕೊನೆಯ ಹಾಳೆಯಲ್ಲಿ ಅವನು ಗುರುತು ಹಾಕಿಕೊಂಡಿದ್ದ.

“ಅಣ್ಣ, ಮೊನ್ನೆ ನಲವತ್ತು ಅಂತ ಬರೆದಿದ್ದರು. ನಿನ್ನೆ ಮೂವತ್ತೈದು. ಇವತ್ತು ಮೂವತ್ತು. ಆಕ್ಸಿಜನ್ ಕಡಮೆ ಮಾಡುತ್ತ ಬಂದಿದ್ದಾರೆ. ಕೈಬಿಟ್ಟರು ಅಂತಲೇ ಅರ್ಥ ಅಲ್ಲವೆ?” ಎಂದು ಕೇಳಿದ. ಡಾಕ್ಟರು ಬಂದೊಡನೆ ಕಾಲು ಹಿಡಿದಾದರೂ ಸರಿ, ಅದನ್ನು ನೂರಕ್ಕೆ ಏರಿಸಿರೆಂದು ಬೇಡಿಕೊಳ್ಳುವುದಾಗಿ ನಿಶ್ಚಯಿಸಿಬಿಟ್ಟಿದ್ದ.

ಆ ಮೂರು ಅಂಕಿಗಳು ಹೇಳುತ್ತಿದ್ದುದು ನೇರ ವಿರುದ್ಧವಾದ ಸಂಗತಿಯನ್ನು. ಕೂಸು ಸುಧಾರಿಸುತ್ತಿತ್ತು. ಅವನು ಬೇಡಬೇಕೆಂದಿದ್ದ ನೂರು ಅದರ ಕಣ್ಣನ್ನೇ ಕಳೆಯಬಹುದಾಗಿತ್ತು. ಅವನನ್ನು ಸಮಾಧಾನಪಡಿಸಿ ಊರಿಗೆ ಹಿಂದಿರುಗುವಾಗ ನಮಗೆ ಒಂದು ವಿಷಯ ಹೊಳೆಯಿತು. ಆ ಪಟ್ಟಿಯಲ್ಲಿದ್ದ ಪದಗಳಲ್ಲಿ ಅರ್ಧಕ್ಕೆ ಅರ್ಧ ಪದಗಳು ವೈದ್ಯಶಾಸ್ತ್ರದವಲ್ಲ. ಒತ್ತಡ, ಪರ್ಯಾಪ್ತತೆ, ವಿಕಿರಣ, ತರಂಗದೂರ ಎಂದು ನಾವು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುವಂಥವೇ. ನಾವು ವೈದ್ಯರಲ್ಲ, ಚಿಕಿತ್ಸೆಯನ್ನು ಕುರಿತು ಹೇಳುವ ಅಧಿಕಾರ ನಮಗಿಲ್ಲ. ಆದರೆ ಆ ಪಟ್ಟಿಯನ್ನು ಓದುವ ಬಗೆಯನ್ನು ವಿದ್ಯಾರ್ಥಿಗಳಿಗೆ ತಿಳಿಸಬಹುದೆಂದು ತೋರಿತು.

ಪಟ್ಟಿಯ ಮೊದಲ ಸಾಲಿನಲ್ಲಿ ಕೂಸಿನ ‘ಗರ್ಭವಯಸ್ಸು’ ಇರುತ್ತದೆ. ತಾಯಿಯ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ, ವಾರಗಳಲ್ಲಿ ಇದನ್ನು ಬರೆಯುತ್ತಾರೆ. ಪೂರ್ಣಾವಧಿ 40 ವಾರ, ಎಂದರೆ 280 ದಿನ. 37 ವಾರ ತುಂಬುವ ಮೊದಲೇ ಹುಟ್ಟಿದ್ದು ಅವಧಿಪೂರ್ವ ಶಿಶು. 32ಕ್ಕೂ ಮೊದಲಾದರೆ ಬಹಳ ಮುಂಚಿನದು. 28ಕ್ಕೂ ಮೊದಲಾದರೆ ಅತಿ ಮುಂಚಿನದು. ತೂಕದಲ್ಲಿಯೂ ಇಂಥ ಗಡಿಗಳುಂಟು: 2,500, 1,500, 1,000 ಗ್ರಾಂ. ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದಕ್ಕೆ ಯಾವ ಆಧಾರವೂ ಇಲ್ಲ. ಗರ್ಭದಲ್ಲಿ ಹೆಚ್ಚಾಗಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ.

ಎರಡನೆಯ ಸಾಲಿನಲ್ಲಿ ‘ಅಪ್ಗಾರ್’ ಎಂದಿತ್ತು. ಇದು ವ್ಯಕ್ತಿಯೊಬ್ಬರ ಹೆಸರು. ವರ್ಜೀನಿಯ ಅಪ್ಗಾರ್ ನ್ಯೂಯಾರ್ಕಿನಲ್ಲಿ ಅರಿವಳಿಕೆ ಶಾಸ್ತ್ರದ ವೈದ್ಯೆಯಾಗಿದ್ದರು. ಹುಟ್ಟಿದ ಕೂಸಿನ ಹೃದಯದ ಬಡಿತ, ಉಸಿರಾಟ, ಮಾಂಸಖಂಡಗಳ ಬಿಗುವು, ಕೆಣಕಿದರೆ ತೋರುವ ಪ್ರತಿಕ್ರಿಯೆ, ಮೈಬಣ್ಣ ಈ ಐದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ ಕೊಟ್ಟು ಕೂಡುವ ಪದ್ಧತಿಯನ್ನು ಅವರು 1953ರಲ್ಲಿ ಪ್ರಕಟಿಸಿದರು. ಹುಟ್ಟಿದ ಒಂದನೆಯ ನಿಮಿಷದಲ್ಲಿ ಒಮ್ಮೆ, ಐದನೆಯ ನಿಮಿಷದಲ್ಲಿ ಮತ್ತೊಮ್ಮೆ ಅಂಕ ಹಾಕುತ್ತಾರೆ. ಹತ್ತಕ್ಕೆ ಇಷ್ಟು ಎಂದು ಬರೆದಿರುವುದನ್ನು ಕಂಡು ಕೆಲವು ತಂದೆತಾಯಿಗಳು ಅದನ್ನು ಮಗುವಿನ ಬುದ್ಧಿಗೆ ಬಂದ ಅಂಕವೆಂದು ಭಾವಿಸುವುದುಂಟು. ಅದು ಆ ಗಳಿಗೆಯ ಸ್ಥಿತಿಯೇ ಹೊರತು ಮುಂದಿನ ಭವಿಷ್ಯವಲ್ಲ.

ಇನ್ನು ‘ತಾಪ’ ಎಂಬ ಸಾಲು. ಕೂಸಿನ ಮೈ 36.5ರಿಂದ 37.5 ಡಿಗ್ರಿ ಸೆಂಟಿಗ್ರೇಡಿನ ನಡುವೆ ಇರಬೇಕು. ಇದೇನು ದೊಡ್ಡ ವಿಷಯ, ಕಂಬಳಿ ಹೊದಿಸಿದರಾಯಿತಲ್ಲ ಎಂದು ತೋರಬಹುದು. ಸ್ವಲ್ಪ ಲೆಕ್ಕ ಮಾಡಿ ನೋಡೋಣ. 64 ಕಿಲೋಗ್ರಾಂ ತೂಕದ ಮನುಷ್ಯನನ್ನೂ ಒಂದು ಕಿಲೋಗ್ರಾಮಿನ ಕೂಸನ್ನೂ ಒಂದೇ ಆಕಾರದವರೆಂದು ಭಾವಿಸಿದರೆ, ಅವನ ಉದ್ದಗಲಗಳು ಕೂಸಿನದಕ್ಕಿಂತ ನಾಲ್ಕರಷ್ಟು, ಚರ್ಮದ ವಿಸ್ತೀರ್ಣ ಹದಿನಾರರಷ್ಟು, ತೂಕ ಅರವತ್ತನಾಲ್ಕರಷ್ಟು. ಎಂದರೆ ತೂಕದ ಪ್ರತಿ ಗ್ರಾಮಿಗೆ ಕೂಸು ಹೊರಗೆ ಒಡ್ಡಿಕೊಂಡಿರುವ ಚರ್ಮ ದೊಡ್ಡವರದಕ್ಕಿಂತ ನಾಲ್ಕು ಪಟ್ಟು. ಶಾಖ ಹುಟ್ಟುವುದು ಮೈಯೊಳಗೆ, ಕಳೆದುಹೋಗುವುದು ಚರ್ಮದ ಮೂಲಕ. ಚರ್ಮದ ಕೆಳಗೆ ಕೊಬ್ಬಿನ ಪದರವೂ ಇನ್ನೂ ಕೂಡಿರುವುದಿಲ್ಲ.

ಇದಕ್ಕಿಂತಲೂ ಗಂಡಾಂತರವಾದುದು ಒದ್ದೆ. ಕೂಸು ಹುಟ್ಟುವಾಗ ಮೈಯೆಲ್ಲ ನೀರು. ದೇಹದ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಗುಪ್ತೋಷ್ಣ ಬೇಕು. ಶರೀರದ ವಿಶಿಷ್ಟೋಷ್ಣವನ್ನು 0.83 ಎಂದು ಹಿಡಿದರೆ, ನಮ್ಮ ಕೂಸಿನ ಮೈ ಒಂದು ಡಿಗ್ರಿ ತಣಿಯಲು ಸುಮಾರು 1,060 ಕ್ಯಾಲೊರಿ ಹೋದರೆ ಸಾಕು. ಎರಡು ಗ್ರಾಂ ನೀರು, ಎಂದರೆ ಅರ್ಧ ಟೀ ಚಮಚದಷ್ಟೂ ಇಲ್ಲದ ನೀರು, ಆರಿಹೋಗುವಾಗ ಆ ಶಾಖವನ್ನೆಲ್ಲ ಮೈಯಿಂದಲೇ ಪಡೆದರೆ ಕೂಸು ಒಂದು ಡಿಗ್ರಿಗಿಂತ ಹೆಚ್ಚು ತಣ್ಣಗಾಗುತ್ತದೆ. ಬಹಳ ಮುಂಚೆ ಹುಟ್ಟಿದ ಶಿಶುಗಳನ್ನು ಹುಟ್ಟಿದೊಡನೆ ಕುತ್ತಿಗೆಯವರೆಗೂ ತೆಳುವಾದ ಪಾಲಿಥೀನ್ ಚೀಲದಲ್ಲಿ ಇಡುವುದು ಈ ಕಾರಣದಿಂದಲೇ. ಅದನ್ನು ಕಂಡು ನಮ್ಮ ಚಿಕ್ಕಮ್ಮ “ಸಂತೆಯಲ್ಲಿ ತರಕಾರಿ ಕಟ್ಟಿಕೊಟ್ಟ ಹಾಗೆ ಕಟ್ಟಿದ್ದಾರಲ್ಲ” ಎಂದು ಕಣ್ಣೀರು ಹಾಕಿದರು. ಆವಿ ಹೊರಗೆ ಹೋಗದಿದ್ದರೆ ಗುಪ್ತೋಷ್ಣವೂ ಹೋಗದು. ಅಷ್ಟೇ ಅದರ ಗುಟ್ಟು.

ಕೂಸು ಮಲಗುವ ಗಾಜಿನಂಥ ಪೆಟ್ಟಿಗೆಗೆ ಇನ್‌ಕ್ಯುಬೇಟರ್ ಎಂದು ಹೆಸರು. ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಯಂತ್ರಕ್ಕೂ ಇದೇ ಹೆಸರಿದೆ, ಇದು ಆಕಸ್ಮಿಕವಲ್ಲ. ಪ್ಯಾರಿಸಿನ ಪ್ರಸೂತಿ ವೈದ್ಯ ಸ್ಟೀಫನ್ ಟಾರ್ನಿಯೆ ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮರಿ ಮಾಡುವ ಪೆಟ್ಟಿಗೆಯನ್ನು ಕಂಡು, ಅದನ್ನು ಮಾಡಿದವನಿಂದಲೇ ಶಿಶುಗಳಿಗೂ ಒಂದನ್ನು ಮಾಡಿಸಿ, 1880ರ ಸುಮಾರಿಗೆ ತನ್ನ ಆಸ್ಪತ್ರೆಯಲ್ಲಿ ಇರಿಸಿದ. ಎರಡು ಕಿಲೋಗ್ರಾಮಿಗಿಂತ ಹಗುರವಾದ ಶಿಶುಗಳಲ್ಲಿ ನೂರಕ್ಕೆ 66 ಸಾಯುತ್ತಿದ್ದುದು 38ಕ್ಕೆ ಇಳಿಯಿತು. ಕೇವಲ ಬಿಸಿನೀರು ತುಂಬಿದ ಒಂದು ಪೆಟ್ಟಿಗೆಯಿಂದ ಇಷ್ಟು! ಆದರೆ ಪೆಟ್ಟಿಗೆಯೊಳಗಿನ ಗಾಳಿ ಬೆಚ್ಚಗಿದ್ದ ಮಾತ್ರಕ್ಕೆ ಎಲ್ಲವೂ ಆಗುವುದಿಲ್ಲ. ಪೆಟ್ಟಿಗೆಯ ಗೋಡೆ ತಣ್ಣಗಿದ್ದರೆ ಕೂಸಿನ ಮೈ ನಡುವಿನ ಗಾಳಿಯನ್ನು ಲೆಕ್ಕಿಸದೆ ನೇರವಾಗಿ ಗೋಡೆಗೆ ಶಾಖವನ್ನು ವಿಕಿರಣ ಮಾಡುತ್ತದೆ. ಆದುದರಿಂದಲೇ ಇಂದಿನ ಅನೇಕ ಪೆಟ್ಟಿಗೆಗಳಿಗೆ ಎರಡು ಪದರದ ಗೋಡೆ. ವಹನ, ಸಂವಹನ, ವಿಕಿರಣ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಇದನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಪೆಟ್ಟಿಗೆಗಳು ಸಾಲದ ಊರುಗಳಲ್ಲಿ ಏನು ಮಾಡಬೇಕು? ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ತಾಯಿಯ ಎದೆಯನ್ನೇ ಪೆಟ್ಟಿಗೆಯಾಗಿ ಮಾಡಿಕೊಂಡರು. ಬಟ್ಟೆಯಿಲ್ಲದ ಕೂಸನ್ನು ತಾಯಿಯ ಬರಿ ಎದೆಗೆ ಆನಿಸಿ ಕಟ್ಟುವ ಈ ಕ್ರಮಕ್ಕೆ ‘ಕಾಂಗರೂ ಆರೈಕೆ’ ಎನ್ನುತ್ತಾರೆ. ಬಹುಕಾಲ ಇದನ್ನು ಬಡವರ ಉಪಾಯವೆಂದು ಭಾವಿಸಿದ್ದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೂಸು ಸ್ಥಿರವಾಗಲಿ ಎಂದು ಕಾಯದೆ ಹುಟ್ಟಿದೊಡನೆ ಹೀಗೆ ಎದೆಗಿಟ್ಟುಕೊಂಡರೆ ಸಾವು ಸುಮಾರು ನಾಲ್ಕನೆಯ ಒಂದು ಭಾಗ ಕಡಿಮೆಯಾಗುವುದೆಂದು ಕಂಡುಬಂತು.

ಈಗ ಪಟ್ಟಿಯ ಬಹು ಮುಖ್ಯ ಭಾಗಕ್ಕೆ ಬರೋಣ. ಅಲ್ಲಿ ‘ಆರ್.ಡಿ.ಎಸ್.’ ಎಂದು ಬರೆದಿತ್ತು. ಉಸಿರಾಟದ ಸಂಕಟವೆಂದು ಅದರ ತಾತ್ಪರ್ಯ. ನಮ್ಮ ಶ್ವಾಸಕೋಶವು ಎರಡು ಬುಗ್ಗೆಗಳಲ್ಲ. ಕೋಟ್ಯಂತರ ಸಣ್ಣ ಗಾಳಿಗೂಡುಗಳ ಸಮೂಹ. ಪ್ರತಿ ಗೂಡಿನ ಒಳಮೈಯಲ್ಲಿಯೂ ತೆಳುವಾದ ನೀರಿನ ಪೊರೆಯಿದೆ. ನೀರಿನ ಮೇಲ್ಮೈ ಹಿಗ್ಗಿಸಿದ ರಬ್ಬರಿನ ಹಾಳೆಯಂತೆ ಸದಾ ಕುಗ್ಗಲು ಎಳೆಯುತ್ತಿರುತ್ತದೆ. ಈ ಮೇಲ್ಮೈ ಎಳೆತವೇ ಮಳೆಹನಿಯನ್ನು ಗುಂಡಾಗಿಸುವುದು. ಗುಂಡಾದ ಗೂಡಿನೊಳಗೆ ಅದು ಉಂಟುಮಾಡುವ ಒತ್ತಡವನ್ನು ಲಾಪ್ಲಾಸನ ಸೂತ್ರ ತಿಳಿಸುತ್ತದೆ: ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಬೇಕು. ಸೋಪಿನ ಗುಳ್ಳೆಗೆ ಒಳಗೊಂದು ಹೊರಗೊಂದು ಎರಡು ಮೈಗಳಿರುವುದರಿಂದ ಅಲ್ಲಿ ನಾಲ್ಕರಷ್ಟು. ಇಲ್ಲಿ ಒಂದೇ ಮೈ.

ದೇಹದ ತಾಪದಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 70 ಮಿಲಿನ್ಯೂಟನ್. ಗೂಡಿನ ತ್ರಿಜ್ಯ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವೆಂದು ಇಟ್ಟುಕೊಂಡರೆ ಒತ್ತಡ 2,800 ಪ್ಯಾಸ್ಕಲ್ ಆಗುತ್ತದೆ; ಇದು 28 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೂ ಸ್ವಲ್ಪ ಹೆಚ್ಚು. ಒಂದೂಕಾಲು ಕಿಲೋಗ್ರಾಂ ತೂಗುವ ಕೂಸು ನಿಮಿಷಕ್ಕೆ ನಲವತ್ತು ಐವತ್ತು ಸಲ ಈ ಒತ್ತಡವನ್ನು ಎದುರಿಸಿ ಗೂಡುಗಳನ್ನು ತೆರೆಯಬೇಕು! ಅಷ್ಟೇ ಅಲ್ಲ. ಉಸಿರು ಬಿಟ್ಟಾಗ ಗೂಡು ಕಿರಿದಾಗುತ್ತದೆ. ತ್ರಿಜ್ಯ ಅರ್ಧವಾದರೆ ಕುಗ್ಗಿಸುವ ಒತ್ತಡ ಇಮ್ಮಡಿ. ಕುಗ್ಗಿದಷ್ಟೂ ಮತ್ತಷ್ಟು ಕುಗ್ಗಬೇಕೆಂಬ ಒತ್ತಾಯ. ಸಣ್ಣ ಗೂಡಿನ ಗಾಳಿ ಪಕ್ಕದ ದೊಡ್ಡ ಗೂಡಿಗೆ ನುಗ್ಗಿ, ಸಣ್ಣದು ಮುಚ್ಚಿಯೇ ಹೋಗುತ್ತದೆ. ಈ ಲೆಕ್ಕದ ಪ್ರಕಾರ ನಾವು ಯಾರೂ ಉಸಿರಾಡುತ್ತಿರಲಾರೆವು.

ಆದರೂ ಉಸಿರಾಡುತ್ತಿದ್ದೇವೆ. ಹೇಗೆ? ಸ್ವಿಟ್ಜರ್ಲೆಂಡಿನ ಕುರ್ಟ್ ಫಾನ್ ನೇರ್‌ಗಾರ್ಡ್ 1929ರಲ್ಲಿ ಶ್ವಾಸಕೋಶವನ್ನು ಒಮ್ಮೆ ಗಾಳಿಯಿಂದಲೂ ಮತ್ತೊಮ್ಮೆ ದ್ರವದಿಂದಲೂ ಉಬ್ಬಿಸಿ ನೋಡಿದ. ದ್ರವವನ್ನು ತುಂಬುವುದು ಬಹು ಸುಲಭವಾಗಿತ್ತು; ಏಕೆಂದರೆ ಆಗ ಗಾಳಿಗೂ ನೀರಿಗೂ ನಡುವಣ ಮೇಲ್ಮೈಯೇ ಇರುವುದಿಲ್ಲ. ಶ್ವಾಸಕೋಶದ ಸೆಡೆತದಲ್ಲಿ ಬಹುಭಾಗ ಮೇಲ್ಮೈ ಎಳೆತದ್ದೇ ಎಂದು ಅವನು ತೋರಿಸಿದ. ಆ ಎಳೆತವನ್ನು ತಗ್ಗಿಸುವ ವಸ್ತುವೊಂದು ಅಲ್ಲಿ ಇರಬಹುದೆಂದೂ, ನವಜಾತ ಶಿಶುವಿನ ಮೊದಲ ಉಸಿರಿಗೆ ಇದು ಸಂಬಂಧಿಸಿದ್ದೆಂದೂ ಸೂಚಿಸಿದ. ಸುಮಾರು ಕಾಲು ಶತಮಾನ ಯಾರೂ ಅದನ್ನು ಗಮನಿಸಲಿಲ್ಲ.

ಆ ವಸ್ತುವನ್ನು ಕಂಡವರು ಶಿಶುವೈದ್ಯರಲ್ಲ, ಯುದ್ಧದ ವಿಷಾನಿಲಗಳು ಶ್ವಾಸಕೋಶವನ್ನು ಹೇಗೆ ಕೆಡಿಸುತ್ತವೆಂದು ಶೋಧಿಸುತ್ತಿದ್ದವರು! ಇಂಗ್ಲೆಂಡಿನ ಪೋರ್ಟನ್ನಿನಲ್ಲಿ ರಿಚರ್ಡ್ ಪ್ಯಾಟಲ್, ಶ್ವಾಸಕೋಶದಿಂದ ಬಂದ ನೊರೆಯ ಗುಳ್ಳೆಗಳು ಒಡೆಯದೆ ಬಹಳ ಹೊತ್ತು ನಿಲ್ಲುವುದನ್ನು ಕಂಡು 1955ರಲ್ಲಿ ವರದಿ ಮಾಡಿದ. ಅಮೆರಿಕದ ಸೇನಾ ಪ್ರಯೋಗಶಾಲೆಯಲ್ಲಿದ್ದ ಜಾನ್ ಕ್ಲೆಮೆಂಟ್ಸ್ 1957ರಲ್ಲಿ ಆ ಎಳೆತವನ್ನು ಅಳೆದ. ಗಾಳಿಗೂಡಿನ ಕೆಲವು ಕೋಶಗಳು ಕೊಬ್ಬಿನ ಜಾತಿಯ ವಸ್ತುವೊಂದನ್ನು ಸ್ರವಿಸುತ್ತವೆ. ಇದಕ್ಕೆ ‘ಸರ್ಫ್ಯಾಕ್ಟಂಟ್’ ಎಂದು ಹೆಸರಾಯಿತು. ಸೋಪಿನಂತೆ ಇದು ನೀರಿನ ಮೇಲೆ ಹರಡಿ ಎಳೆತವನ್ನು ಇಳಿಸುತ್ತದೆ. ಸೋಪಿಗಿಲ್ಲದ ಒಂದು ವಿಶೇಷ ಇದಕ್ಕಿದೆ. ಗೂಡು ಕುಗ್ಗಿದಾಗ ಇದರ ಅಣುಗಳು ಒತ್ತೊತ್ತಾಗಿ ಕೂಡುತ್ತವೆ, ಎಳೆತ ಇನ್ನೂ ಇಳಿದು ಸೊನ್ನೆಯ ಸಮೀಪಕ್ಕೆ ಬರುತ್ತದೆ. ಲಾಪ್ಲಾಸನ ಸೂತ್ರದಲ್ಲಿ ಕೆಳಗಿನ ತ್ರಿಜ್ಯ ಕಿರಿದಾಗುವಾಗ ಮೇಲಿನ ಎಳೆತವೂ ಅದರೊಡನೆಯೇ ಕಿರಿದಾಗಿ, ಭಾಗಲಬ್ಧ ಬೆಳೆಯುವುದೇ ಇಲ್ಲ. ಎಳೆತ 5ಕ್ಕೆ ಇಳಿದರೆ, ಮೇಲೆ ಹೇಳಿದ ಗೂಡಿನಲ್ಲಿ ಒತ್ತಡ ಎರಡೇ ಸೆಂಟಿಮೀಟರ್ ನೀರು. ಇಂಥ ಜಾಣತನವನ್ನು ನಾವು ಬೇರೆ ಯಾವ ಪಂಪಿನಲ್ಲಿಯೂ ಕಂಡಿಲ್ಲ.

ಗರ್ಭದಲ್ಲಿ ಈ ವಸ್ತು ಸುಮಾರು 24ನೆಯ ವಾರದಲ್ಲಿ ತೋರತೊಡಗಿ, 35ನೆಯ ವಾರದ ಹೊತ್ತಿಗೆ ಸಾಕಷ್ಟಾಗುತ್ತದೆ. ಮೊದಲೇ ಹುಟ್ಟಿದ ಕೂಸಿಗೆ ಅದೇ ಕೊರತೆ. ಉಸಿರಾಟದ ಸಂಕಟದಿಂದ ಸತ್ತ ಶಿಶುಗಳ ಶ್ವಾಸಕೋಶದಲ್ಲಿ ಇದು ಸರಿಯಾಗಿ ಇರಲಿಲ್ಲವೆಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿಕೊಟ್ಟರು. ಕಾರಣ ತಿಳಿದ ಮಾತ್ರಕ್ಕೆ ಔಷಧ ಸಿಕ್ಕಂತಾಗಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನೆಡಿಗೆ ಐದೂವರೆ ವಾರ ಮುಂಚಿತವಾಗಿ ಹುಟ್ಟಿದ ಮಗ ಪ್ಯಾಟ್ರಿಕ್, 2.1 ಕಿಲೋಗ್ರಾಂ ತೂಕವಿದ್ದರೂ, ಇದೇ ರೋಗದಿಂದ ಎರಡೇ ದಿನಗಳಲ್ಲಿ ತೀರಿಕೊಂಡಿತು. ಇಂದು ಅಷ್ಟು ತೂಕದ ಶಿಶುವನ್ನು ಕಂಡು ನಮ್ಮ ಜಿಲ್ಲಾಸ್ಪತ್ರೆಯ ದಾದಿಯೂ ಗಾಬರಿಪಡುವುದಿಲ್ಲ.

ಈ ಬದಲಾವಣೆಗೆ ದಾರಿ ತೋರಿದ್ದು ಶಿಶುಗಳೇ ಎಂದರೂ ಸಲ್ಲುತ್ತದೆ. ಸಂಕಟಪಡುವ ಕೂಸು ಪ್ರತಿ ಉಸಿರು ಬಿಡುವಾಗಲೂ ‘ಹ್ಞೂಂ, ಹ್ಞೂಂ’ ಎಂದು ಮುಲುಕುತ್ತದೆ. ಪಟ್ಟಿಯಲ್ಲಿ ಇದನ್ನು ‘ಗ್ರಂಟಿಂಗ್’ ಎಂದು ಬರೆಯುತ್ತಾರೆ. ಕೇಳುವವರಿಗೆ ಅದು ನೋವಿನ ಧ್ವನಿ. ವಾಸ್ತವದಲ್ಲಿ ಕೂಸು ಗಂಟಲ ಬಾಗಿಲನ್ನು ಅರೆಮುಚ್ಚಿ, ಗಾಳಿ ಪೂರ್ತಿ ಹೊರಹೋಗದಂತೆ ತಡೆದು, ಗೂಡುಗಳು ಮುಚ್ಚಿಹೋಗದಷ್ಟು ಒತ್ತಡವನ್ನು ಒಳಗೆ ಉಳಿಸಿಕೊಳ್ಳುತ್ತಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊವಿನ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಇದೇ ಕೆಲಸವನ್ನು ಹೊರಗಿನಿಂದ ಮಾಡಿದರು. ಕೂಸು ತಾನೇ ಉಸಿರಾಡುತ್ತಿರಲಿ. ಆದರೆ ಅದರ ಶ್ವಾಸಮಾರ್ಗದ ಒತ್ತಡ ಎಂದೂ ಸೊನ್ನೆಗೆ ಇಳಿಯದಿರಲಿ. 1971ರಲ್ಲಿ ಅವರು ಪ್ರಕಟಿಸಿದ ಮೊದಲ ವರದಿಯಲ್ಲಿ 20 ಶಿಶುಗಳಲ್ಲಿ 16 ಉಳಿದಿದ್ದವು. ಇದೇ ‘ಸೀಪ್ಯಾಪ್’, ನಿರಂತರವಾಗಿ ಉಳಿಯುವ ಧನ ಒತ್ತಡ.

ನಮ್ಮ ಕೂಸಿನ ಪಟ್ಟಿಯಲ್ಲಿ ‘ಸೀಪ್ಯಾಪ್ 5’ ಎಂದಿತ್ತು. ಐದು ಏನು? ಹಾಸಿಗೆಯ ಪಕ್ಕದಲ್ಲೇ ಉತ್ತರವಿತ್ತು. ಕೂಸಿನ ಮೂಗಿನಿಂದ ಬಂದ ಕೊಳವೆಯ ಇನ್ನೊಂದು ತುದಿ ನೀರಿನ ಸೀಸೆಯೊಂದರಲ್ಲಿ ಐದು ಸೆಂಟಿಮೀಟರ್ ಆಳಕ್ಕೆ ಮುಳುಗಿ ಗುಳುಗುಳು ಎನ್ನುತ್ತಿತ್ತು. ಕೊಳವೆಯೊಳಗಿನ ಒತ್ತಡ ಐದು ಸೆಂಟಿಮೀಟರ್ ನೀರಿನ ಕಂಬವನ್ನು ಮೀರಿದರೆ ಮಾತ್ರ ಗುಳ್ಳೆ ಹೊರಬೀಳುತ್ತದೆ. ಆದಕಾರಣ ಗುಳ್ಳೆ ಬರುತ್ತಿರುವವರೆಗೂ ಅಷ್ಟು ಒತ್ತಡ ಇದೆಯೆಂದೇ ಅರ್ಥ. ಹೈಸ್ಕೂಲಿನ ದ್ರವಸ್ಥಿತಿಶಾಸ್ತ್ರದ ಮೊದಲ ಪಾಠವಿದು! ಕೂಸಿನ ತಂದೆಗೆ ಆ ಸೀಸೆಯನ್ನು ತೋರಿಸಿ, ಗುಳ್ಳೆ ನಿಂತರೆ ದಾದಿಯನ್ನು ಕೂಗು, ಎಲ್ಲಿಯೋ ಗಾಳಿ ಸೋರುತ್ತಿರುತ್ತದೆ ಎಂದೆವು. ಅಂದಿನಿಂದ ಅವನು ಒಳಗೆ ಹೋದಾಗಲೆಲ್ಲ ಮೊದಲು ನೋಡುತ್ತಿದ್ದುದು ಆ ಗುಳ್ಳೆಗಳನ್ನೇ.

ಕೊರತೆಯಾದ ವಸ್ತುವನ್ನೇ ತುಂಬುವುದು ಇನ್ನೊಂದು ದಾರಿ. ಜಪಾನಿನ ಟೆಟ್ಸುರೊ ಫುಜಿವಾರ 1980ರಲ್ಲಿ ದನದ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ಬಿಟ್ಟು ಗುಣ ಕಂಡರು. 1990ರ ದಶಕದಲ್ಲಿ ಇದು ಬಳಕೆಗೆ ಬಂತು. ನಮ್ಮ ಕೂಸಿಗೂ ಮೊದಲ ದಿನವೇ ಒಂದು ಸಲ ಕೊಟ್ಟಿದ್ದರು.

‘ಆಪ್ನಿಯ’ ಎಂಬ ಪದವೂ ಪಟ್ಟಿಯಲ್ಲಿ ಎರಡು ಬಾರಿ ಬಂದಿತ್ತು. ಉಸಿರು 20 ಸೆಕೆಂಡಿಗೂ ಹೆಚ್ಚು ಕಾಲ ನಿಂತರೆ, ಅಥವಾ ಅದಕ್ಕಿಂತ ಕಡಿಮೆ ಕಾಲ ನಿಂತರೂ ಜೊತೆಗೆ ಹೃದಯದ ಬಡಿತ ತಗ್ಗಿದರೆ, ಹಾಗೆ ಬರೆಯುತ್ತಾರೆ. ಉಸಿರನ್ನು ನಡೆಸುವ ಮೆದುಳಿನ ಕೇಂದ್ರ ಇನ್ನೂ ಬಲಿತಿಲ್ಲವೆಂದು ಇದರ ಅರ್ಥ. ಅಂಗಾಲನ್ನು ಮೆಲ್ಲನೆ ತೀಡಿದರೆ ಸಾಮಾನ್ಯವಾಗಿ ಉಸಿರು ಮರಳುತ್ತದೆ. ಇದಕ್ಕೆ ಕೊಡುವ ಔಷಧ ಕೆಫೀನ್. ಹೌದು, ಬೆಳಗಿನ ಕಾಫಿಯಲ್ಲಿ ನಮ್ಮ ನಿದ್ದೆ ಬಿಡಿಸುವ ಅದೇ ಕೆಫೀನ್!

ಕೊನೆಗೆ ನಲವತ್ತು, ಮೂವತ್ತೈದು, ಮೂವತ್ತು. ಪಟ್ಟಿಯಲ್ಲಿ ಆಕ್ಸಿಜನ್ನಿಗೆ ಸಂಬಂಧಿಸಿದ ಎರಡು ಸಾಲುಗಳಿದ್ದುವು. ಅವೆರಡನ್ನೂ ಒಂದೇ ಎಂದು ತಿಳಿದುದೇ ತಂದೆಯ ದುಃಖಕ್ಕೆ ಕಾರಣ. ಒಂದು ‘ಎಫ್‌ಐಓಟೂ’: ಕೂಸಿಗೆ ಕೊಡುತ್ತಿರುವ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟು ಎಂಬುದು. ನಾವೆಲ್ಲ ಉಸಿರಾಡುವ ಗಾಳಿಯಲ್ಲಿ ಅದು 21. ಎರಡನೆಯದು ‘ಎಸ್‌ಪಿಓಟೂ’: ಅಪಧಮನಿಗಳ ರಕ್ತದಲ್ಲಿರುವ ಹೀಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಭಾಗ ಆಕ್ಸಿಜನ್ನನ್ನು ಹೊತ್ತಿದೆ ಎಂಬುದು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಖರ್ಚು, ಎರಡನೆಯದು ಬಂದ ಮಾಲು. ಮೂರು ದಿನವೂ ಎರಡನೆಯ ಸಾಲಿನಲ್ಲಿ 92, 93, 92 ಎಂದಿತ್ತು. ಮಾಲು ಅಷ್ಟೇ ಬರುತ್ತಿದೆ, ಖರ್ಚು ಇಳಿಯುತ್ತಿದೆ. ಇದು ವ್ಯಾಪಾರ ಕೂಡಿದ ಲಕ್ಷಣವಲ್ಲವೆ? ಹೀಗೆಂದೊಡನೆ ಅವನಿಗೆ ಅರ್ಥವಾಯಿತು.

ಆದರೆ ಅವನು ಬಿಡಲಿಲ್ಲ. ತೊಂಬತ್ತೆರಡೇ ಏಕೆ, ನೂರು ಇದ್ದರೆ ಇನ್ನೂ ಒಳ್ಳೆಯದಲ್ಲವೆ ಎಂದು ಕೇಳಿದ. ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಜಗತ್ತು ತೆತ್ತ ಬೆಲೆ ಅಪಾರ. 1940ರ ದಶಕದಲ್ಲಿ ಅನುಕೂಲವಿದ್ದ ಆಸ್ಪತ್ರೆಗಳಲ್ಲಿ ಅವಧಿಪೂರ್ವ ಶಿಶುಗಳಿಗೆ ಧಾರಾಳವಾಗಿ ಆಕ್ಸಿಜನ್ ಕೊಡತೊಡಗಿದರು. ಅದೇ ಕಾಲದಲ್ಲಿ, ಇಂಥ ಶಿಶುಗಳು ಕುರುಡಾಗುವ ಹೊಸದೊಂದು ರೋಗವನ್ನು ಬಾಸ್ಟನ್ನಿನ ವೈದ್ಯ ಟೆರಿ 1942ರಲ್ಲಿ ವರ್ಣಿಸಿದ. ಒಳ್ಳೆಯ ಆಸ್ಪತ್ರೆಗಳಲ್ಲಿಯೇ ಈ ಕುರುಡು ಹೆಚ್ಚಾಗಿದ್ದುದು ವಿಚಿತ್ರವಾಗಿತ್ತು. ಆಕ್ಸಿಜನ್ನೇ ಕಾರಣವಿರಬಹುದೆಂದು ಮೆಲ್ಬೋರ್ನಿನ ಕೇಟ್ ಕ್ಯಾಂಬೆಲ್ 1951ರಲ್ಲಿ ಬರೆದರು. ಅದೇ ಸುಮಾರಿಗೆ ವಾಷಿಂಗ್ಟನ್ನಿನಲ್ಲಿ ಅರ್ನಾಲ್ ಪ್ಯಾಟ್ಸ್ ಕೆಲವು ಶಿಶುಗಳಿಗೆ ಹೆಚ್ಚಾಗಿಯೂ ಕೆಲವಕ್ಕೆ ಕಡಿಮೆಯಾಗಿಯೂ ಆಕ್ಸಿಜನ್ ಕೊಟ್ಟು ಪ್ರಯೋಗ ನಡೆಸುತ್ತಿದ್ದಾಗ, ಪಾಪ, ಈ ಕೂಸುಗಳಿಗೆ ಅನ್ಯಾಯವಾಗುತ್ತಿದೆಯೆಂದು ಮರುಗಿದ ದಾದಿಯರು ರಾತ್ರಿ ವೇಳೆ ಯಾರಿಗೂ ತಿಳಿಯದಂತೆ ತಿರುಪು ತಿರುಗಿಸಿ ಆಕ್ಸಿಜನ್ ಹೆಚ್ಚಿಸುತ್ತಿದ್ದರಂತೆ! ಬೆಂಚಿನ ಮೇಲಿದ್ದ ನಮ್ಮ ತಮ್ಮನ ಕರುಳೂ ಆ ದಾದಿಯರ ಕರುಳೂ ಒಂದೇ. 1954ರ ಹೊತ್ತಿಗೆ ಅನೇಕ ಆಸ್ಪತ್ರೆಗಳು ಕೂಡಿ ನಡೆಸಿದ ಪ್ರಯೋಗದಿಂದ ಸಂಶಯ ಹರಿಯಿತು. ಅಷ್ಟರಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರೆಂದು ಅಂದಾಜು. 1950ರಲ್ಲಿ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು.

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತ ಹೋಗಿ, ದಿನ ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಗರ್ಭದಲ್ಲಿ ಆಕ್ಸಿಜನ್ ಬಹು ಕಡಿಮೆ. ಆ ಕೊರತೆಯೇ ನಾಳಗಳನ್ನು ಮುಂದಕ್ಕೆ ಕರೆಯುವ ಕೂಗು. ಮೊದಲೇ ಹುಟ್ಟಿದ ಕೂಸಿಗೆ ಆಕ್ಸಿಜನ್ ಅತಿಯಾದರೆ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರಗಳ ಮೇಲೆ, ನಾಳ ತಲಪದ ಭಾಗ ಹಸಿದು ಕೂಗಿದಾಗ, ಅಡ್ಡಾದಿಡ್ಡಿಯಾಗಿ ಹೊಸ ನಾಳಗಳು ಎದ್ದು ಪಟಲವನ್ನೇ ಎಳೆದು ಕೀಳುತ್ತವೆ. ಇದೇ ‘ಆರ್.ಓ.ಪಿ.’ ಎಂಬ ರೋಗ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೆದರಿದ ವೈದ್ಯರು 1954ರ ಬಳಿಕ ಯಾವ ಶಿಶುವಿಗೂ 40ಕ್ಕಿಂತ ಹೆಚ್ಚು ಕೊಡಬಾರದೆಂದು ಕಟ್ಟುಮಾಡಿಕೊಂಡರು. ಕುರುಡು ಇಳಿಯಿತು, ಆದರೆ ಶ್ವಾಸಕೋಶ ಕೆಟ್ಟಿದ್ದ ಶಿಶುಗಳು ಆಕ್ಸಿಜನ್ ಸಾಲದೆ ಸತ್ತವು. ತಪ್ಪು ಎಲ್ಲಿತ್ತು? ಅವರು ಕೊಳವೆಯಲ್ಲಿ ಹೋಗುವುದನ್ನು ಅಳೆಯುತ್ತಿದ್ದರೇ ಹೊರತು ರಕ್ತಕ್ಕೆ ಸೇರುವುದನ್ನಲ್ಲ. ಅದನ್ನು ಚುಚ್ಚದೆ, ಬಿಡುವಿಲ್ಲದೆ ಅಳೆಯುವ ಉಪಾಯದ ತತ್ತ್ವವನ್ನು ಜಪಾನಿನ ತಾಕುವೊ ಅಒಯಾಗಿ ಎಂಬ ಎಂಜಿನಿಯರು 1974ರಲ್ಲಿ ಪ್ರಕಟಿಸಿದರು. ಕೂಸಿನ ಪಾದಕ್ಕೆ ಸುತ್ತಿದ ಪಟ್ಟಿಯಿಂದ ಎರಡು ಬೆಳಕುಗಳು ಹಾಯುತ್ತವೆ: 660 ನ್ಯಾನೊಮೀಟರ್ ತರಂಗದೂರದ ಕೆಂಪು, 940ರ ಅವಕೆಂಪು. ಆಕ್ಸಿಜನ್ ಹೊತ್ತ ಹೀಮೋಗ್ಲೋಬಿನ್ ಕೆಂಪನ್ನು ಹೆಚ್ಚು ಹೀರದು, ಹೊರದಿರುವುದು ಹೀರುತ್ತದೆ. ಅವಕೆಂಪಿನಲ್ಲಿ ಇದು ತಿರುಗುಮುರುಗು. ಚರ್ಮ, ಮೂಳೆ, ಮಾಂಸ ಇವೂ ಬೆಳಕನ್ನು ಹೀರುವುದರಿಂದ ರಕ್ತದ ಪಾಲನ್ನು ಬೇರ್ಪಡಿಸುವುದು ಹೇಗೆ? ಅಪಧಮನಿಯ ರಕ್ತ ಮಾತ್ರ ನಾಡಿಯೊಡನೆ ಏರಿಳಿಯುತ್ತದೆ. ಬೆಳಕಿನಲ್ಲಿ ಏರಿಳಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಉಳಿದುದೆಲ್ಲ ತಾನಾಗಿ ಕಳಚಿಹೋಗುತ್ತದೆ.

ಈಗ ನೂರರ ಪ್ರಶ್ನೆ. ಪರ್ಯಾಪ್ತ ದ್ರಾವಣಕ್ಕೆ ಮತ್ತೆ ಸಕ್ಕರೆ ಹಾಕಿದರೆ ಸಿಹಿ ಹೆಚ್ಚದು, ಸಕ್ಕರೆ ತಳದಲ್ಲಿ ಉಳಿಯುತ್ತದೆ. ಹೀಮೋಗ್ಲೋಬಿನ್ ತುಂಬಿದ ಮೇಲೆಯೂ ಆಕ್ಸಿಜನ್ ಕೊಟ್ಟರೆ ಅದು ಪ್ಲಾಸ್ಮಾದಲ್ಲಿ ಕರಗುತ್ತ ಅದರ ಒತ್ತಡ ಏರುತ್ತಲೇ ಹೋಗುತ್ತದೆ. ಯಂತ್ರದ ಅಂಕಿ ಮಾತ್ರ ನೂರರಲ್ಲೇ ನಿಂತಿರುತ್ತದೆ. ನೂರು ಎಂಬುದು ಸುರಕ್ಷಿತವೋ ವಿಪರೀತವೋ ತಿಳಿಯುವುದೇ ಇಲ್ಲ. 2010ರಿಂದೀಚೆಗೆ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ 85ರಿಂದ 89ರ ನಡುವೆ ಇರಿಸಿದ ಶಿಶುಗಳಲ್ಲಿ ಕಣ್ಣಿನ ರೋಗ ಕಡಿಮೆಯಾದರೂ ಸಾವು ಹೆಚ್ಚಿತ್ತು. ಆದ್ದರಿಂದ ಈಗ ಬಹು ಕಡೆ 90ರಿಂದ 95 ಎಂಬ ಕಿರಿದಾದ ಓಣಿಯಲ್ಲಿ ಕೂಸನ್ನು ನಡೆಸುತ್ತಾರೆ. ಇತ್ತ ಕುರುಡು, ಅತ್ತ ಸಾವು. ನಡುವೆ ಐದೇ ಅಂಕ.

ಇಷ್ಟಾದರೂ ಕಣ್ಣಿನ ಪರೀಕ್ಷೆ ತಪ್ಪದು. ನಮ್ಮ ದೇಶದಲ್ಲಿ 34 ವಾರಕ್ಕೆ ಮೊದಲು ಅಥವಾ 2,000 ಗ್ರಾಮಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುಗಳ ಕಣ್ಣನ್ನು ಹುಟ್ಟಿದ ಮೂವತ್ತು ದಿನಗಳೊಳಗೆ ನೋಡಬೇಕೆಂದು ನಿಯಮ. ನೋಡಬಲ್ಲ ತಜ್ಞರು ಎಲ್ಲ ಊರಿನಲ್ಲಿಯೂ ಇಲ್ಲ. ಇದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕರ್ನಾಟಕದಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆಯನ್ನು ಆರಂಭಿಸಿತು. ತರಬೇತು ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅದನ್ನು ಓದುತ್ತಾರೆ.

‘ಫೋಟೊಥೆರಪಿ’ ಎಂಬ ಸಾಲನ್ನು ಬಿಡುವಂತಿಲ್ಲ. ನಮ್ಮ ಕೂಸನ್ನು ಐದನೆಯ ದಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ನನ್ನು ಎಳೆಯ ಯಕೃತ್ತು ಹೊರಹಾಕಲಾರದು. ಅದು ಮೆದುಳಿಗೆ ಸೇರಿದರೆ ಅಪಾಯ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ ಶಿಶುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಕೂಸಿನ ಮೈಯೆಲ್ಲ ಬಿಳುಪಾಗಿ, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನ ಮಾತ್ರ ಹಳದಿಯಾಗಿ ಉಳಿದುದನ್ನು ಅವರು ವೈದ್ಯರಿಗೆ ತೋರಿಸಿದರು. ಸುಮಾರು 460ರಿಂದ 490 ನ್ಯಾನೊಮೀಟರಿನ ನೀಲಿ ಬೆಳಕು ಬಿಲಿರುಬಿನ್ ಅಣುವಿನ ಆಕಾರವನ್ನು ತಿರುಚಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಹಳದಿ ವಸ್ತು ನೀಲಿಯನ್ನೇ ಹೀರುವುದೇಕೆಂದು ವಿದ್ಯಾರ್ಥಿಗಳು ತಾವೇ ಯೋಚಿಸಬಹುದು.

ಹತ್ತೊಂಬತ್ತನೆಯ ದಿನ ರಾತ್ರಿ ನಮಗೆ ಫೋನ್ ಬಂತು. “ಅಣ್ಣ, ಇಪ್ಪತ್ತೊಂದು” ಎಂದಷ್ಟೇ ಹೇಳಿದ. ನಾವು ಉಸಿರಾಡುವ ಗಾಳಿಯನ್ನೇ ಕೂಸೂ ಉಸಿರಾಡುತ್ತಿತ್ತು. ನಾಲ್ಕನೆಯ ವಾರದ ಕಣ್ಣಿನ ಪರೀಕ್ಷೆಯಲ್ಲಿ ನಾಳಗಳು ಇನ್ನೂ ಅಂಚು ಮುಟ್ಟಿಲ್ಲ, ಮತ್ತೆ ಬನ್ನಿ ಎಂದರು. ಎರಡು ವಾರ ಬಿಟ್ಟು ನೋಡಿದಾಗಲೂ ಅದೇ ಮಾತು. ಮೂರನೆಯ ಸಲ, ಮುಟ್ಟಿವೆ ಎಂದರು.

ಪಟ್ಟಿಯ ಪದಗಳಲ್ಲಿ ಒಂದು ಮಾತ್ರ ಮನೆಯವರೆಗೂ ಬಂದಿದೆ: ‘ಸರಿಪಡಿಸಿದ ವಯಸ್ಸು’. ಹುಟ್ಟಿದ ದಿನದಿಂದ ಎಣಿಸಿದ ವಯಸ್ಸಿನಲ್ಲಿ, ಮುಂಚೆ ಬಂದಷ್ಟು ವಾರಗಳನ್ನು ಕಳೆದು ಉಳಿದುದು ಇದು. ಮಗು ಯಾವಾಗ ಕೂರಬೇಕು, ಯಾವಾಗ ತೆವಳಬೇಕು ಎಂಬುದನ್ನು ಮೊದಲ ಎರಡು ವರ್ಷ ಇದರಿಂದಲೇ ಅಳೆಯುತ್ತಾರೆ. ಒಂಬತ್ತು ತಿಂಗಳಾಯಿತು, ಇನ್ನೂ ಸರಿಯಾಗಿ ಕೂರುವುದಿಲ್ಲವಲ್ಲ ಎಂದು ಮೊನ್ನೆ ಅಂಗಡಿಗೆ ಬಂದ ಅಜ್ಜಿಯೊಬ್ಬರು ಕೇಳಿದರಂತೆ. “ಇಲ್ಲಮ್ಮ, ಅವನಿಗೆ ಈಗ ಆರೂವರೆ” ಎಂದು ನಮ್ಮ ತಮ್ಮ ಲೆಕ್ಕದ ಪುಸ್ತಕದ ಕೊನೆಯ ಹಾಳೆಯನ್ನು ತೆರೆದು ತೋರಿಸಿದನಂತೆ.